ಮುದಿ ತಿದಿ ಎಂಬ ಹೆಸರಿನ ಹಿಂದೆ

ನವೆಂಬರಿನಲ್ಲಿ ನರೆವ್ ನದಿಯ ಮಂಜು ನಮ್ಮ ಇಗರ್ಜಿಯೊಳಗೂ ಬರುತ್ತದೆ. ಬೆಳಗಿನ ಪೂಜೆಯಲ್ಲಿ ಕಣ್ಣು ಮುಚ್ಚಿ ಕುಳಿತರೆ ಆರ್ಗನ್ನಿನ ದನಿ ಮೇಲಿನ ಅಟ್ಟದಿಂದಲ್ಲ, ನೀರಿನ ಮೇಲಿಂದ ತೇಲಿ ಬಂದಂತಿರುತ್ತದೆ. ನುಡಿಸುವವಳು ಬೋಗ್ನಾ ಕೋರ್ದಾಸ್. ತಂದೆ ಇಗ್ನಾತ್ಸಿ ತೀರಿಕೊಂಡ ವಾರವೇ ಅವರ ಮಣೆಯ ಮೇಲೆ ಕುಳಿತಳು, ಇಪ್ಪತ್ತಾರು ವರ್ಷವಾಯಿತು. ಬಲಿಪೀಠದ ಬಟ್ಟೆ ಒಗೆಯುವುದು, ಚೆಲ್ಲಿದ ಮೇಣ ಕೆರೆಯುವುದು ನನ್ನ ಕೆಲಸ. ಪೂಜೆ ಮುಗಿದ ಮೇಲೆ ನಾನು ಅಟ್ಟ ಹತ್ತುತ್ತೇನೆ. ಇಬ್ಬರೂ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತೇವೆ. ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ.

ಆರ್ಗನ್ನಿನ ಯಾವ ಕೊಳವೆ ತೇವಕ್ಕೆ ಉಬ್ಬಿದೆ, ಯಾವುದರಲ್ಲಿ ಬಾವಲಿ ಸತ್ತುಬಿದ್ದಿದೆ ಎಂದು ಬೋಗ್ನಾ ದನಿಯಿಂದಲೇ ಹೇಳಬಲ್ಲಳು. ಊರಿನಲ್ಲಿ ಅದನ್ನು ಕೇಳುವವರಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳು ಇಂಟರ್‌ನೆಟ್ಟಿನಲ್ಲಿ ‘ಆರ್ಗನ್ ಸಹೋದರರು’ ಎಂಬ ಬಳಗ ಸೇರಿದಳು. ಸ್ವಂತ ಹೆಸರಿನಲ್ಲಿ ಒಂದು ಪ್ರಶ್ನೆ ಕೇಳಿದ್ದಕ್ಕೆ “ನಿಮ್ಮ ಯಜಮಾನ್ರನ್ನ ಕಳಿಸಮ್ಮ” ಎಂಬ ಉತ್ತರ ಬಂತು. ಅವಳಿಗೆ ಯಜಮಾನರು ಎಂದೂ ಇರಲಿಲ್ಲ. ಮರುದಿನ, ಆರ್ಗನ್ನಿಗೆ ಗಾಳಿಯೂದುವ ತಿದಿಯ ಹೆಸರು ಹಿಡಿದು, ‘ಮುದಿ ತಿದಿ’ ಎಂದು ಹೆಸರಿಟ್ಟುಕೊಂಡು ಮತ್ತೆ ಸೇರಿದಳು. ನಮ್ಮ ಪೋಲಿಷ್ ಮಾತಿನಲ್ಲಿ ‘ನಾನು ರಿಪೇರಿ ಮಾಡಿದೆ’ ಎಂದರೂ ಸಾಕು, ಹೇಳಿದವರು ಗಂಡೋ ಹೆಣ್ಣೋ ತಿಳಿದುಹೋಗುತ್ತದೆ. ಹಾಗಾಗಿ ವಾಕ್ಯ ವಾಕ್ಯದಲ್ಲೂ ಅವಳು ಗಂಡಸಾಗಿಯೇ ಇರಬೇಕಾಯಿತು. ದೇಶದ ಮೂಲೆಮೂಲೆಯಿಂದ ಪ್ರಶ್ನೆಗಳು ಬರತೊಡಗಿದವು. “ತಿದಿಯಣ್ಣ ಹೇಳಿದ್ ಮೇಲೆ ಮುಗೀತು” ಎಂದು ಯಾರೋ ಬರೆದಿದ್ದನ್ನು ನನಗೆ ಓದಿ ಹೇಳುವಾಗ ಅವಳ ಕೆನ್ನೆ ಕೆಂಪಾಗಿತ್ತು. ಅವಳ ಬದುಕಿನಲ್ಲಿ ಗೌರವ ಎಂಬುದು ಸಿಕ್ಕಿದ್ದು ಅದೊಂದೇ ಕಡೆ.

ಕಳೆದ ವರ್ಷ ಓಟಿಲ್ಯಾ ಎಂಬ ಹುಡುಗಿ ಬಳಗಕ್ಕೆ ಬಂದಳು. ದಕ್ಷಿಣದ ಬೆಟ್ಟದ ಸೀಮೆಯ ಇಗರ್ಜಿಯೊಂದರಲ್ಲಿ ನುಡಿಸುವವಳು. ‘ಸಹೋದರರು’ ಎಂದಷ್ಟೇ ಏಕೆ, ‘ವಾದಕರು, ವಾದಕಿಯರು’ ಎಂದು ಹೆಸರಿಟ್ಟರೆ ಆಗದೇ ಎಂದು ಕೇಳಿದಳು. “ಹೋಗಿ ಕಡುಬು ಬೇಯ್ಸಮ್ಮ” ಎಂದು ಒಬ್ಬ ಬರೆದ. ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಒಂದು ಬೋಗ್ನಾಳದು.

“ನೀನೂ ನಕ್ಕೆಯೇನೇ?” ಎಂದೆ.

“ಎಲ್ರೂ ನಗ್ತಿದ್ರು ಕಣೇ ತೆಕ್ಲಾ. ನಗ್ದಿದ್ರೆ ಅನುಮಾನ ಬರಲ್ವಾ?”

ನಾನು ಜಪಸರದ ಮಣಿ ಸರಿಸುತ್ತಾ ಕುಳಿತೆ.

“ಅದೇನ್ ಹಾಗೆ ಮಣಿ ಉರುಳಿಸ್ತೀಯ? ಬೈಯೋದಾದ್ರೆ ಬಾಯ್ಬಿಟ್ಟು ಬೈಯಿ.”

“ಬೈಯೋಕೆ ನಾನ್ಯಾರು? ನಿಮ್ಮ ಬಳಗದ ನೆತ್ತಿ ಮೇಲೆ ಹಬ್ಬಕ್ಕೆ ಅಂತ ಸಂಗೀತಗಾರರನ್ನ ಕಾಯೋ ಸಂತ ಸಿಸಿಲಿಯಾ ಚಿತ್ರ ಹಾಕಿದ್ದಾರಲ್ಲ, ಎಷ್ಟು ಚೆನ್ನಾಗಿ ಆರ್ಗನ್ ಮುಂದೆ ಕೂತಿದ್ದಾಳೆ. ಅವಳಿಗೂ ಕಡುಬು ಬೇಯ್ಸೋಕೆ ಹೇಳಿದ್ರಾ?”

ಬೋಗ್ನಾ ನಗಲು ಹೋದಳು. ಆಗಲಿಲ್ಲ.

ಎರಡು ದಿನ ಕಳೆದು, ಶುಕ್ರವಾರ ಬೆಳಿಗ್ಗೆ, ಓಟಿಲ್ಯಾ ಮತ್ತೆ ಬರೆದಿದ್ದಳು. ಒಂದು ಕೊಳವೆ ನಿಲ್ಲದೆ ಕೂಗುತ್ತಿದೆ, ಹನ್ನೊಂದಕ್ಕೆ ಶವಸಂಸ್ಕಾರದ ಪೂಜೆ, ಯಾರಾದರೂ ಸಹಾಯ ಮಾಡಿ ಎಂದು ಫೋನ್ ನಂಬರನ್ನೂ ಹಾಕಿದ್ದಳು. “ನಿಮ್ಮ ವಾದಕಿಯರನ್ನೇ ಕೇಳಿ” ಎಂದು ಒಬ್ಬ. “ತಿದಿಯಣ್ಣ, ನೀವ್ ಮಾತ್ರ ಹೇಳ್ಬೇಡಿ. ಬುದ್ಧಿ ಬರ್ಲಿ” ಎಂದು ಇನ್ನೊಬ್ಬ. ಆಗಲೇ ಒಂಬತ್ತೂವರೆ.

“ಕೂಗು ಕೇಳಿಸ್ಕೊಳ್ದೆ ಹೇಳಕ್ಕಾಗಲ್ಲ,” ಎಂದಳು ಬೋಗ್ನಾ. “ಫೋನ್ ಮಾಡಿದ್ರೆ ಹೆಂಗ್ಸಿನ ದನಿ ಅಂತ ಅವಳಿಗೆ ಗೊತ್ತಾಗತ್ತೆ.”

ಅವಳ ಚಹಾ ಆರಿತು. ಆಮೇಲೆ ಆ ನಂಬರನ್ನು ಒತ್ತಿ, ಮುದಿ ತಿದಿಯ ಕಡೆಯಿಂದ ಎಂದಳು.

“ಹಲೋ? ತಿದಿಯಣ್ಣ ಇಲ್ವಾ? ನೀವು ಅವರ ಮನೆಯವ್ರಾ?”

“ನಾನೇ ಕಣಮ್ಮ ತಿದಿ. ಫೋನ್ ಎತ್ತಿ ಹಿಡಿ, ಕೇಳ್ತೀನಿ.”

ಎಲ್ಲಿಯದೋ ಬೆಟ್ಟದ ಇಗರ್ಜಿಯ ಅಳು ನಮ್ಮ ಅಟ್ಟವನ್ನು ತುಂಬಿತು. ನಮ್ಮ ಕೊಳವೆಗಳೂ ಮಂಜಿನಲ್ಲಿ ಎಚ್ಚೆತ್ತು ಕಿವಿಗೊಟ್ಟಂತೆ ನನಗನ್ನಿಸಿತು. ಎರಡು ಊರು, ಎರಡು ಅಟ್ಟ ಒಂದೇ ಉಸಿರಿನಲ್ಲಿದ್ದವು. ಬೋಗ್ನಾ ಕಣ್ಣು ಮುಚ್ಚಿದ್ದಳು.

“ಮರದ್ದು ಅದು. ಹಿಂದಿನ ಸಾಲು. ಒಂದೊಂದರ ಬಾಯಿಗೂ ಬೆರಳು ಅಡ್ಡ ಹಿಡಿ. ದನಿ ಬದಲಾದ್ರೆ ಅದೇ. ಮೆಲ್ಲಗೆ ಎತ್ತಿ ಪಕ್ಕಕ್ಕೆ ಮಲಗ್ಸು. ಮಗು ಮಲಗಿಸ್ದಂಗೆ.”

ಕೂಗು ನಿಂತಿತು. ಹುಡುಗಿಯ ಉಸಿರು ಮಾತ್ರ ಕೇಳುತ್ತಿತ್ತು.

“ಮೊನ್ನೆ ಯಾಕ್ ನಕ್ಕ್ರಿ?” ಎಂದಳು.

“ಹೆದರ್ಕೆ.”

“ಹೋಗ್ಲಿ ಬಿಡಿ. ನಾನ್ ಯಾರಿಗೂ ಹೇಳಲ್ಲ.”

“ನೀನ್ ಹೇಳ್ಬೇಡ. ನಾನೇ ಹೇಳ್ತೀನಿ.”

ಹನ್ನೊಂದರ ಗಂಟೆ ಬಾರಿಸುವ ಮೊದಲೇ ಅವಳು ಬಳಗದಲ್ಲಿ ಬರೆದಳು: ‘ನಾನು ಇಗ್ನಾತ್ಸಿ ಕೋರ್ದಾಸರ ಮಗಳು ಬೋಗ್ನಾ. ಹನ್ನೊಂದು ವರ್ಷದಿಂದ ನಿಮಗೆ ಉತ್ತರ ಬರೆದವಳು ನಾನೇ. ಓಟಿಲ್ಯಾ ಕೇಳಿದ್ದು ಸರಿ. ನಾನು ನಕ್ಕಿದ್ದು ತಪ್ಪು.’

ಮೋಸಗಾತಿ ಎಂದರು. ನಮ್ಮ ಗುಟ್ಟು ಕದಿಯಲು ಬಂದವಳು ಎಂದರು. ಆಮೇಲೆ ಅದಕ್ಕಿಂತ ಕಷ್ಟದ್ದು ಶುರುವಾಯಿತು. ಯಾರೂ ಏನನ್ನೂ ಕೇಳಲಿಲ್ಲ. ಒಂದು ವಾರ, ಎರಡು, ಮೂರು. ಬೋಗ್ನಾ ಪೂಜೆಗೆ ತಪ್ಪದೆ ನುಡಿಸಿದಳು, ಚಹಾ ಕುಡಿದಳು, ಫೋನನ್ನು ಮಾತ್ರ ಮಗುಚಿ ಇಡುತ್ತಿದ್ದಳು. ದೇವರೇ, ಇವಳಿಗೆ ಒಂದೇ ಒಂದು ಪ್ರಶ್ನೆ ಕಳಿಸು ಎಂದು ನಾನು ಬೇಡಿಕೊಂಡೆ. ಅಂಥ ಬೇಡಿಕೆ ಅವನ ಬಳಿಗೂ ಹೆಚ್ಚು ಬರುವುದಿಲ್ಲವೇನೋ.

ಕ್ರಿಸ್ಮಸ್ಸಿಗೆ ವಾರವಿದ್ದಾಗ ಫೋನ್ ಮಿಡಿಯಿತು. ಬಳಗದ ಹಳೆಯ ಸದಸ್ಯನೊಬ್ಬ ಬರೆದಿದ್ದ: “ತಿದಿಯಣ್ಣ... ಕ್ಷಮಿಸಿ, ಏನಂತ ಕರೀಬೇಕೋ ತಿಳೀತಿಲ್ಲ. ನಮ್ಮಲ್ಲಿ ಗಾಳಿ ಸೋರ್ತಿದೆ. ಹಬ್ಬ ಹತ್ರ ಬಂತು.”

ಅವಳು ಕನ್ನಡಕ ಹುಡುಕಿ ಹಾಕಿಕೊಂಡು, ಒಂದು ಬೆರಳಿನಲ್ಲಿ ನಿಧಾನವಾಗಿ ಒತ್ತಿದಳು: ‘ಬೋಗ್ನಾ ಅನ್ನಿ. ಎಲ್ಲಿ ಸೋರ್ತಿದೆ?’

“ಸುಮ್ನಿರೇ ತೆಕ್ಲಾ, ಕೆಲಸ ಬಂದಿದೆ,” ಎಂದಳು. ನಾನು ತುಟಿ ಪಿಟಕ್ಕೆಂದಿರಲಿಲ್ಲ.