ಓದದೆ ಬಿಟ್ಟ ನಾಲ್ಕು ಸಾಲು

ಹೋದ ಗುರುವಾರ ನಾನೊಂದು ಸುಳ್ಳು ಹೇಳಿದೆ. ದೊಡ್ಡದೇನಲ್ಲ. "ಇಲ್ಲ ತಂಗಿ, ಇಷ್ಟೇ ಐತಿ" ಎಂಬಷ್ಟೇ ಉದ್ದದ್ದು. ಅಷ್ಟಕ್ಕೇ ಒಬ್ಬ ಹುಡುಗಿಯ ಮದುವೆ ಬೇರೆ ಮನೆಯಲ್ಲಿ ನಿಶ್ಚಯವಾಗಿಬಿಡುವುದರಲ್ಲಿತ್ತು.

ನಾನು ಗೋಕಾಕದಲ್ಲಿ ಹಿಂದಿ ಮಾಸ್ತರ ಎಂಬುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತಿರುವ ಸಂಗತಿ. ಕ್ಲಾಸಿನಲ್ಲಿ ನನ್ನ ಹಿಂದಿಗೆ ಇರುವ ಬೆಲೆ ಅಷ್ಟಕ್ಕಷ್ಟೇ. (ಪರೀಕ್ಷೆಯ ಪೇಪರ್ ತಿದ್ದುವಾಗ ಅದರ ಕತೆ ತಿಳಿಯುತ್ತದೆ, ಬಿಡಿ.) ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ಭಾರೀ ಮರ್ಯಾದೆ. ಮಿಲಿಟರಿಯಿಂದ ಹಿಂದಿಯಲ್ಲಿ ಕಾಗದ ಬಂದರೆ ಓದಿ ಹೇಳಲು ನಾನೇ ಬೇಕು. ಚೀನಾದ ಯುದ್ಧ ಶುರುವಾದ ಮೇಲಂತೂ ಯಾರಾದರೂ ಕಾಗದ ಹಿಡಿದು ಶಾಲೆಯ ಗೇಟಿನಲ್ಲಿ ನಿಂತರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಗುರುವಾರ ಹಾಗೆ ನಿಂತವರು ಮಮದಾಪುರದ ಸತ್ಯಪ್ಪನವರು. ಹೊಲಮನೆ ಇರುವ, ಮಾತು ಕಡಿಮೆಯ ಮನುಷ್ಯ. ಅವರ ತೀರಿಹೋದ ಅಕ್ಕನ ಮಗ ಬಾಳಪ್ಪ ಸೈನ್ಯದಲ್ಲಿದ್ದಾನೆ. ಹುಕ್ಕೇರಿ ಕಡೆಯ ಹುಡುಗ. ತಂದೆಯೂ ಇಲ್ಲ, ಸೋದರಮಾವನೇ ಎಲ್ಲ. ಮಾವನ ಮಗಳು ಶಾಂತಾಳನ್ನು ಅವನಿಗೇ ಕೊಡುವುದೆಂದು ಹೋದ ವರ್ಷ ಅವನು ರಜೆಗೆ ಬಂದಾಗ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದ್ದರು. ಆಮೇಲೆ ಯುದ್ಧ ಬಂತು. ಬಾಳಪ್ಪನ ಪತ್ತೆಯಿಲ್ಲ ಎಂದು ತಂತಿ ಬಂತು. ಮುಂದೆ ತಿಂಗಳುಗಟ್ಟಲೆ ಏನೂ ಇಲ್ಲ.

ಈಗ ಈ ಕಾಗದ. ಯುದ್ಧಕೈದಿಯ ಪತ್ರ ಎಂದು ಮೇಲೆಯೇ ಅಚ್ಚಾಗಿತ್ತು, ಮೈತುಂಬ ಠಸ್ಸೆಗಳು. ಮನೆಯಲ್ಲಿ ಎಲ್ಲರ ಮುಂದೆಯೇ ಓದಬೇಕು ಎಂದರು ಸತ್ಯಪ್ಪ. ಇಬ್ಬರೂ ಬಸ್ಸು ಹತ್ತಿದೆವು. ಕೊಡಿ, ಒಮ್ಮೆ ನೋಡಿಕೊಳ್ಳುತ್ತೇನೆ ಎಂದು ದಾರಿಯಲ್ಲಿ ಎರಡು ಸಲ ಕೇಳಿದೆ. ಅವರು ಒಳಜೇಬಿನ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತರು. ಬಸ್ಸಿನಲ್ಲಿ, ನಾಲ್ಕು ಜನರ ನಡುವೆ ಸುದ್ದಿ ತಿಳಿಯುವುದು ಅವರಿಗೆ ಬೇಕಿರಲಿಲ್ಲ ಅಂತ ಕಾಣುತ್ತದೆ.

ಪಡಸಾಲೆಯಲ್ಲಿ ಗಂಡಸರು, ಅಡುಗೆಮನೆಯ ಬಾಗಿಲ ಹಿಂದೆ ಹೆಂಗಸರು. ಕಾಗದ ಬಿಚ್ಚಿದೆ. ಒಂದೇ ಹಾಳೆ. ಶುದ್ಧ ಹಿಂದಿ, ದುಂಡಗಿನ ಅಕ್ಷರ. ಮಾವನವರಿಗೆ ನಮಸ್ಕಾರ. ನಾನು ಕ್ಷೇಮ. ಊಟ ಚೆನ್ನಾಗಿದೆ. ಬೆಚ್ಚನೆಯ ಬಟ್ಟೆ ಕೊಟ್ಟಿದ್ದಾರೆ. ಚಿಂತೆ ಮಾಡಬೇಡಿ. ಹೀಗೇ ಹತ್ತು ಸಾಲು, ಥೇಟು ನಮ್ಮ ಒಂಬತ್ತನೆಯ ಕ್ಲಾಸಿನ ಕಾಂಪೋಸಿಷನ್.

ಅದರ ಕೆಳಗೆ ನಾಲ್ಕು ಸಾಲು. ಅಲ್ಲಿಗೆ ಬಂದವನೇ ತಡವರಿಸಿದೆ. ಕನ್ನಡದಲ್ಲಿ ಅದು ಇಷ್ಟಾಗುತ್ತದೆ: ಗೋಕಾಕದ ಕರದಂಟು ಗಟ್ಟಿ ಇದೆ, ನೋಡಿರಿ. ಹಿಮದ ಬೆಟ್ಟದಲ್ಲಿ ನೆನಪಾಯಿತು, ಕೇಳಿರಿ. ಶಾಂತಾಳ ಹೆಸರು ಹೇಳುತ್ತೇನೆ. ಈಗಲಾದರೂ ಬಾಗಿಲು ಬಿಡಿರಿ.

ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಸೆರೆಯಲ್ಲಿರುವ ಹುಡುಗ. ತಿಂಡಿಯ ನೆನಪು, ಹುಡುಗಿಯ ಹೆಸರು, ಬಾಗಿಲು ಬಿಡಿರಿ ಎಂದು ಯಾರನ್ನೋ ಬೇಡಿಕೊಳ್ಳುವುದು. ಚಳಿಗೋ ಹೊಡೆತಕ್ಕೋ ಪಾಪ ತಲೆ ಕೆಟ್ಟಿದೆ ಎಂದೇ ತಿಳಿದೆ. ಇದನ್ನು ಓದಿದರೆ ಬಾಗಿಲ ಹಿಂದೆ ಅಳು ಶುರುವಾಗುತ್ತದೆ. ಮೇಲಾಗಿ ಹೆಣ್ಣು ಹೆತ್ತ ಅಪ್ಪನ ಎದುರು ಅವಳ ಹೆಸರು ಹಿಡಿದು ಬರೆದದ್ದನ್ನು ಹೇಗೆ ಓದುವುದು? ನಾಲ್ಕೂ ಸಾಲು ನುಂಗಿದೆ. "ನಿಮ್ಮ ಬಾಳಪ್ಪ" ಎಂದು ಮುಗಿಸಿ, ಕಾಗದ ಮಡಚಿ ಸತ್ಯಪ್ಪನವರ ಕೈಯಲ್ಲಿಟ್ಟೆ.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದು ಅವನ ಅಕ್ಷರ ಅಲ್ಲ ಎಂದರು. ನಾನು ತಿಳಿಸಿ ಹೇಳಿದೆ. ಅಲ್ಲಿ ಪತ್ರವನ್ನು ಮೊದಲು ಸೆನ್ಸಾರಿನವರು ಓದುತ್ತಾರೆ. ಕನ್ನಡ ಓದುವ ಚೀನೀಯನನ್ನು ಎಲ್ಲಿಂದ ತರುತ್ತಾರೆ? ಹಾಗಾಗಿ ಇವನು ಹೇಳಿದ್ದನ್ನು ಹಿಂದಿ ಬಲ್ಲ ಜೊತೆಗಾರ ಯಾರೋ ಬರೆದಿರಬೇಕು. ಆದರೆ ಸತ್ಯಪ್ಪನವರ ಮನಸ್ಸಿಗೆ ಅದು ಇಳಿಯಲಿಲ್ಲ. ಹುಡುಗ ಸತ್ತೇ ಹೋಗಿದ್ದು, ಚೀನಾದವರೇ ಯಾರಿಂದಲೋ ಬರೆಯಿಸಿ ಕಳಿಸಿರಬಹುದು ಎಂಬ ಅನುಮಾನ ಅವರದು. ಕೆಳಗಿದ್ದ ನಡುಗುವ ಸಹಿ ಯಾರದ್ದೂ ಆಗಬಹುದಿತ್ತು. ಇಷ್ಟು ವರ್ಷ ಬರೆದ ಕಾಗದಗಳಲ್ಲಿ ಎತ್ತು ಹೇಗಿವೆ, ಮಳೆ ಬಂತೇ ಎಂದು ಕೇಳದೆ ಬಿಟ್ಟವನಲ್ಲ ಅವನು. ಇದರಲ್ಲಿ ಆ ಸುದ್ದಿಯೇ ಇಲ್ಲ.

"ನೀವ ಹೇಳ್ರಿ ಮಾಸ್ತರ. ಇದರಾಗ ನಮ್ಮ ಹುಡುಗ ಎಲ್ಲರ ಕಾಣತಾನೇನು?"

ಅವರೇ ಮುಂದುವರಿಸಿದರು. ಮೂಡಲಗಿಯ ಒಂದು ಮನೆತನದವರು ಭಾನುವಾರ ಬರುವವರಿದ್ದಾರೆ. ಶಾಂತಾಳಿಗೆ ಸಕ್ಕರೆ ಕೊಟ್ಟು ಹೋಗುತ್ತಾರೆ. ಬೇಡವೆನ್ನಲು ಈ ಕಾಗದದಲ್ಲಿ ಏನಾದರೂ ಸಿಕ್ಕೀತು ಎಂದು ಆಸೆಪಟ್ಟಿದ್ದೆ, ಸಿಗಲಿಲ್ಲ ಎಂದರು. ಮಗಳನ್ನು ಕೊಡುವ ಆತುರ ಅವರಿಗಿರಲಿಲ್ಲ. ಇಲ್ಲದ ಅಳಿಯನಿಗಾಗಿ ಅವಳು ಮುಪ್ಪಾಗುವವರೆಗೆ ಕಾದು ಕೂತಾಳೆಂಬ ಹೆದರಿಕೆ ಇತ್ತು.

ಏಳುವಾಗ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು. "ಮಾಸ್ತರ, ಮತ್ತೇನರ ಬರದಾರೇನ್ರಿ?"

ಹೇಳಿದೆನಲ್ಲ, ನನ್ನ ಉತ್ತರ ನಿಮಗೆ ಆಗಲೇ ಗೊತ್ತಿದೆ.

ಓದಿದ ಕಾಗದದ ವಿಷಯ ಮನೆಯಲ್ಲಿ ಬಾಯಿಬಿಡಬಾರದು ಎಂಬುದು ನಾನೇ ಹಾಕಿಕೊಂಡ ರೂಲು. ಶುಕ್ರವಾರ ಪಾಲಿಸಿದೆ, ಶನಿವಾರ ಪಾಲಿಸಿದೆ. ಭಾನುವಾರ ಬೆಳಿಗ್ಗೆ ಅನ್ನ ನೀರು ಸೇರದವನಂತೆ ಚಹಾ ಕಪ್ಪು ಹಿಡಿದು ಕೂತದ್ದನ್ನು ನಮ್ಮಾಕೆ ನೋಡಿದಳು. ಏನಾಗಿದೆ ಎಂದು ಕೇಳಿದಳು. ಎರಡನೆಯ ಸಲ ಕೇಳುವ ಹೊತ್ತಿಗೆ ರೂಲು ಮುರಿಯಿತು. ಚಳಿಯಲ್ಲಿ ತಲೆ ಕೆಟ್ಟ ಹುಡುಗನ ಕತೆ ಪೂರ್ತಿ ಹೇಳಿದೆ.

ಆ ನಾಲ್ಕು ಸಾಲು ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಅವಳು ಚಹಾ ಸೋಸುವುದನ್ನು ಬಿಟ್ಟು, ತುಟಿಯಲ್ಲೇ ಏನೋ ಜೋಡಿಸಿಕೊಂಡು, ನನಗೇ ತಿರುಗಿ ಒಪ್ಪಿಸಿದಳು:

"ಗೋಕಾವಿ ಕರದಂಟು ಗಟ್ಟಿ ಐತಿ ನೋಡ್ರಿ,
ಹಿಮದ ಗುಡ್ಡದಾಗ ನೆನಪಾತು ಕೇಳ್ರಿ,
ಶಾಂತಾನ ಹೆಸರ ಹೇಳತೇನಿ,
ಇನ್ನರ ಬಾಗಲಾ ಬಿಡ್ರಿ."

ಒಡಪು! ನಮ್ಮ ಕಡೆ ಯಾವ ಮನೆಯಲ್ಲಿಲ್ಲ ಹೇಳಿ? ಮದುಮಗ ಹೊಸ್ತಿಲು ದಾಟಬೇಕೆಂದರೆ ಹೆಣ್ಣಿನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ. ಅವಳ ಹೆಸರನ್ನು ಪದ್ಯದಲ್ಲಿ ಪೋಣಿಸಿ ಹೇಳುವವರೆಗೂ ಒಳಗೆ ಬಿಡುವುದಿಲ್ಲ. ನನ್ನ ಮದುವೆಯಲ್ಲೂ ತಡೆದಿದ್ದರು. (ನಾನು ಹೇಳಿದ್ದು ಎಷ್ಟು ಕೆಟ್ಟದಾಗಿತ್ತೆಂದು ಆಕೆ ಇವತ್ತಿಗೂ ಆಡಿಕೊಳ್ಳುತ್ತಾಳೆ.) ಹುಡುಗಿಗೆ ನೇರವಾಗಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಮಾವನಿಗೆ ಬರೆಯುವ ಕಾಗದದಲ್ಲಿ ಆ ಹುಡುಗ ತನ್ನ ಪ್ರೀತಿಯನ್ನೆಲ್ಲ ಒಡಪು ಮಾಡಿ ಕೂಡಿಸಿದ್ದಾನೆ. ಹಿಂದಿಗೆ ಹೋದಾಗ ಪ್ರಾಸ ಬಿದ್ದುಹೋಗಿದೆ. ಪ್ರಾಸ ಬಿದ್ದ ಒಡಪನ್ನು ನಾನು ಹುಚ್ಚು ಎಂದು ತಿಳಿದಿದ್ದೇನೆ.

"ನಿಮಗ ಹಿಂದಿ ಬರತೈತಿ, ಖರೆ" ಎಂದಳು ನಮ್ಮಾಕೆ. "ಮತ್ತೇನ ಬರತೈತ್ರಿ?"

ಮಮದಾಪುರದ ಬೆಳಗಿನ ಬಸ್ಸು ಹೋಗಿಯಾಗಿತ್ತು. ಬಾಜೂ ಮನೆಯವರ ಸೈಕಲ್ ಇಸಿದುಕೊಂಡೆ. ನಾನೊಬ್ಬನೇ ಹೋದರೆ ಮತ್ತೆ ಅರ್ಧ ಹೇಳಿ ಬರುತ್ತೇನೆಂದು ನಮ್ಮಾಕೆಯೂ ಹಿಂದೆ ಕ್ಯಾರಿಯರ್ ಮೇಲೆ ಕೂತಳು. ಮಾಸ್ತರ ಹೆಂಡತಿಯನ್ನು ಸೈಕಲ್ ಮೇಲೆ ಕೂಡ್ರಿಸಿಕೊಂಡು ಹೊರಟಿದ್ದನ್ನು ಪೇಟೆಯ ಜನ ನಿಂತು ನೋಡಿದರು. ನೋಡಲಿ ಬಿಡಿ. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಮೂಡಲಗಿಯವರು ಎಷ್ಟು ಹೊತ್ತಿಗೆ ಬರುತ್ತಾರೆಂದು ನಾನು ಗುರುವಾರ ಕೇಳಿಯೇ ಇರಲಿಲ್ಲ. ಪ್ರತಿ ತಿರುವಿನಲ್ಲೂ ಕಾರ್ಯ ಮುಗಿಸಿ ಮರಳುತ್ತಿರುವ ಅವರೇ ಎದುರಾಗುತ್ತಾರೇನೋ ಎಂದು ಜೀವ ಹಿಡಿಯಾಗುತ್ತಿತ್ತು.

ಅವರ ಸವಾರಿ ಬಂಡಿ ಸತ್ಯಪ್ಪನವರ ಮನೆಯ ಮುಂದೆಯೇ ಇತ್ತು. ಪಡಸಾಲೆಯಲ್ಲಿ ಹಿರಿಯರು ಅವಲಕ್ಕಿ ಮುಗಿಸಿ ಕೈ ತೊಳೆದಿದ್ದರು. ನಡುವೆ ಸಕ್ಕರೆಯ ತಾಟು, ಮೇಲೆ ಕುಪ್ಪಸದ ಕೆಂಪು ಖಣ. ಮಣೆಯ ಮೇಲೆ ಶಾಂತಾ, ತಲೆ ಮೇಲೆ ಸೆರಗು. ಒಬ್ಬ ಮುತ್ತೈದೆ ಅವಳ ಉಡಿಗೆ ಅಕ್ಕಿ ಹಾಕಲು ಬೊಗಸೆ ತುಂಬಿಕೊಂಡಿದ್ದಳು.

ಒಂದು ಗಳಿಗೆ ತಡೆಯಿರಿ ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಬೆವರು ಸುರಿಯುತ್ತಿತ್ತು. ನಲವತ್ತು ಕಣ್ಣುಗಳ ಎದುರು ನಿಂತು, ಗುರುವಾರ ಕಾಗದ ಪೂರ್ತಿ ಓದಲಿಲ್ಲ, ನಾಲ್ಕು ಸಾಲು ಬಿಟ್ಟೆ ಎಂದು ಒಪ್ಪಿಕೊಂಡೆ. ಆ ಕ್ಷಣದ ನಾಚಿಕೆ ನನ್ನ ಶತ್ರುವಿಗೂ ಬೇಡ.

ಸತ್ಯಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಜೇಬಿನಿಂದಲೇ ಕಾಗದ ತೆಗೆದುಕೊಟ್ಟರು. ಮೊದಲು ಹಿಂದಿಯಲ್ಲಿ ಓದಿದೆ, ಗಂಡಸರು ಮುಖ ಮುಖ ನೋಡಿಕೊಂಡರು. ನಮ್ಮಾಕೆ ಮುಂದೆ ಬಂದು ಅದನ್ನೇ ಒಡಪಿನ ಧಾಟಿಯಲ್ಲಿ ಹೇಳಿದಳು.

ಅಡುಗೆಮನೆಯಲ್ಲಿ ಯಾರೋ ಬಿಕ್ಕಿದರು. ಸತ್ಯಪ್ಪನವರ ತಮ್ಮನ ಮಗಳು ಗೌರವ್ವ ಗಂಡಸರ ನಡುವೆಯೇ ಬಂದು ನಿಂತಳು. ಹೋದ ವರ್ಷ ಸಕ್ಕರೆಯ ದಿನ, ಗಂಡಸರೆಲ್ಲ ಗುಡಿಗೆ ಹೋಗಿದ್ದಾಗ, ಬಾಳಪ್ಪನಿಗೆ ಬಾಗಿಲು ತಡೆದವಳು ಅವಳೇ ಅಂತೆ. ಅವನಿಗೆ ಒಂದು ಒಡಪೂ ಬರಲಿಲ್ಲ. ಇವರೆಲ್ಲ ನಕ್ಕೂ ನಕ್ಕೂ ಸಾಕಾದರು. ಕಡೆಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಮುಂದಿನ ಸಲ ಒಡಪು ಕಟ್ಟಿಕೊಂಡೇ ಬರುತ್ತೇನೆ, ಮುಂಬಾಗಿಲಿನಿಂದಲೇ ಬರುತ್ತೇನೆ ಎಂದಿದ್ದ.

"ದೊಡ್ಡಪ್ಪಾ, ಈ ಮಾತು ಯಾವ ಚೀನಾದವಗ ಗೊತ್ತೈತಿ?" ಎಂದಳು ಗೌರವ್ವ.

ಸತ್ಯಪ್ಪ ಕಾಗದದ ತಲೆಯ ಮೇಲಿದ್ದ ತಾರೀಖಿನ ಮೇಲೆ ಬೆರಳಿಟ್ಟು, ಬರೆದು ಎಷ್ಟು ದಿನವಾಯಿತೆಂದು ನನ್ನನ್ನು ಕೇಳಿದರು. ಎರಡು ತಿಂಗಳ ಮೇಲಾಗಿದೆ ಎಂದೆ. ಈ ಸಲ ಸುಳ್ಳು ಹೇಳುವ ಧೈರ್ಯವಿರಲಿಲ್ಲ.

"ಅಂದರ ಅವತ್ತ ಇದ್ದ" ಎಂದರು ಅವರು. "ಇವತ್ತ ಅದಾನೇನ್ರಿ?"

ಬೊಗಸೆಯ ಅಕ್ಕಿ ಹಿಡಿದ ಆ ಮುತ್ತೈದೆ ಇನ್ನೂ ಹಾಗೇ ಬಗ್ಗಿ ನಿಂತಿದ್ದಳು.

ಶಾಂತಾ ಮಣೆಯಿಂದ ಎದ್ದಳು. "ಅದನ್ನ ಅವರಿಗೇ ಕೇಳೂಣಪ್ಪಾ. ಮಾಸ್ತರ ಬರದ ಕೊಡತಾರ."

ಮೂಡಲಗಿಯ ಹಿರಿಯರು ಕೋಲು ಹಿಡಿದು ನಿಧಾನಕ್ಕೆ ಎದ್ದರು. ಕೂಗಾಡುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬದುಕಿರುವವನ ಹೆಣ್ಣನ್ನು ಕರೆದುಕೊಂಡು ಹೋಗಿ ನಾವೆಲ್ಲಿ ಇಟ್ಟುಕೊಳ್ಳೋಣ ಎಂದಷ್ಟೇ ಹೇಳಿ, ತಮ್ಮವರನ್ನು ಬಂಡಿ ಹತ್ತಿಸಿದರು. ವರನಾಗಿ ಬಂದಿದ್ದ ಅವರ ಹುಡುಗ ಮಾತ್ರ ಕೊನೆಯವರೆಗೂ ತಲೆ ಎತ್ತಲಿಲ್ಲ. ಗುರುವಾರವೇ ಓದಿದ್ದರೆ ಅವನಿಗೆ ಈ ಅವಮಾನ ಇರುತ್ತಿರಲಿಲ್ಲ. ಅವನ ಕ್ಷಮೆ ಕೇಳುವಷ್ಟರಲ್ಲಿ ಬಂಡಿ ಹೊರಟಿತ್ತು.

ಅಲ್ಲೇ ಕೂತು ಜವಾಬು ಬರೆದೆ. ಮೊದಲು ಸತ್ಯಪ್ಪ ಹೇಳಿದರು. ಎತ್ತು ಚೆನ್ನಾಗಿವೆ, ಒಂದು ಆಕಳು ಈದಿದೆ, ಜೋಳ ಪರವಾಗಿಲ್ಲ. ಬರೆಯಿಸುತ್ತ ಬರೆಯಿಸುತ್ತ ನಡುವೆಯೇ ಎದ್ದು ಕೊಟ್ಟಿಗೆಗೆ ಹೋದರು. ಆಮೇಲೆ ಶಾಂತಾ ನಮ್ಮಾಕೆಯ ಪಕ್ಕ ಬಂದು ಕೂತಳು. ನೆಲ ನೋಡುತ್ತ ಎರಡೇ ಮಾತು ಹೇಳಿದಳು. "ಬಾಗಲಾ ಬಿಟ್ಟೇವಿ. ಲಗೂ ಬರ್ರಿ."

ಪೆನ್ನು ತಾನಾಗಿಯೇ ನಿಂತಿತು. ಸೆರೆಯಲ್ಲಿರುವವನಿಗೆ ಬೇಗ ಬಾ ಎಂದರೆ ಏನರ್ಥ? ಅವನ ಕೈಯಲ್ಲಿದೆಯೇ ಅದು? ಓದಿ ಸಂಕಟಪಡುವುದಿಲ್ಲವೇ? ಸೆನ್ಸಾರಿನವನು ಬೇರೆ ಏನಾದರೂ ತಿಳಿದರೆ? "ಆರೋಗ್ಯ ನೋಡಿಕೊಳ್ಳಿ" ಎಂದು ಬರೆದರೆ ಮೇಲಲ್ಲವೇ? (ನೋಡಿ, ಬುದ್ಧಿ ಮತ್ತೆ ಅಲ್ಲಿಗೇ ಹೊರಟಿತ್ತು.)

ಅವಳು ತಲೆ ಎತ್ತಿ ನನ್ನ ಕೈಯನ್ನೇ ನೋಡುತ್ತಿದ್ದಳು. "ಮಾಸ್ತರ, ಈ ಸಲ ಒಂದ ಮಾತೂ ಬಿಡಬ್ಯಾಡ್ರಿ."

ಬಿಡಲಿಲ್ಲ. ಸೋಮವಾರ ಟಪಾಲಿಗೆ ಹಾಕಿದ್ದೇನೆ. ಅದು ಯಾವ ಬೆಟ್ಟ ಹತ್ತಿ ಯಾರ ಕೈ ಸೇರುತ್ತದೋ, ಬಾಳಪ್ಪ ಅದನ್ನು ಕೇಳುವ ಸ್ಥಿತಿಯಲ್ಲಿ ಇದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಶಾಂತಾಳಿಗೂ ಗೊತ್ತಿಲ್ಲ. ಆದರೆ ಅವಳು ಕಾಯುವುದಾದರೂ ಗೊತ್ತಿದ್ದು ಕಾಯುತ್ತಿದ್ದಾಳೆ.

ನನಗೆ ನಿದ್ದೆ ಕೆಟ್ಟಿರುವುದು ಬೇರೆ ಕಾರಣಕ್ಕೆ. ಯುದ್ಧ ಶುರುವಾದಾಗಿನಿಂದ ಅಂಕಲಗಿಯಲ್ಲಿ, ಹುಕ್ಕೇರಿಯಲ್ಲಿ, ಇನ್ನೂ ಎಷ್ಟೋ ಊರುಗಳ ಪಡಸಾಲೆಗಳಲ್ಲಿ ಕೂತು ಕಾಗದ ಓದಿದ್ದೇನೆ. ಅರ್ಥವಾಗದ ಸಾಲು ಬಂದಾಗ, ಹಿರಿಯರ ಮುಂದೆ ಸರಿಯಲ್ಲ ಎನ್ನಿಸಿದಾಗ, ತಾಯಿ ಅತ್ತಾಳೆಂದು ಹೆದರಿದಾಗ, ಎಲ್ಲ ಕಡೆಯೂ ಹೀಗೇ ನುಂಗಿದ್ದೇನೆ. ಹಾಗೆ ಬರೆದವರಲ್ಲಿ ಕೆಲವರು ಈಗ ಇಲ್ಲ.

ಯಾವ ಮುಖ ಇಟ್ಟುಕೊಂಡು ಆ ಮನೆಗಳಿಗೆ ಹೋಗಿ, ಆ ಕಾಗದ ಇನ್ನೊಮ್ಮೆ ಕೊಡಿ ಎಂದು ಕೇಳಲಿ?