ಅವ್ವನ ಕಣ್ಣು ಹೊತ್ತು ಕಲಬುರಗಿಗೆ

ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೆಂಪು ಬಾಳೆಯ ಗೊನೆ ಹಾಕಿಕೊಂಡು ನಾನು ಓಡಾಡಿದ ದಾರಿಯೇ. ಆ ಸೋಮವಾರ ಮಾತ್ರ ಗೊನೆಯಿರಲಿಲ್ಲ. ತೊಡೆಯ ಮೇಲೆ ತಂಗಿಯ ಮಗಳು, ಎರಡೂವರೆ ವರ್ಷದ ಗುರಮ್ಮ, ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ತಂಗಿ ಶಾಂತಾ, ಹಿಂದಿನ ಸೀಟಿನಲ್ಲಿ ಅವಳ ಗಂಡ ಮಲ್ಲಣ್ಣ. ಬೇಸಿಗೆ ಇನ್ನೂ ಪೂರ್ತಿ ಬಂದಿರಲಿಲ್ಲ, ಆದರೂ ಬೆಳಿಗ್ಗೆಯೇ ಕಿಟಕಿಯ ಸರಳು ಕಾದಿತ್ತು. ಶಾಂತಾಗೆ ಬಸ್ಸು ಪುಕ್ಕಟೆ, ಟಿಕೆಟ್ಟಿನ ದುಡ್ಡು ಗಂಡಸರದ್ದು ಮಾತ್ರ. "ಈಗ ಹೆಣ್ಮಕ್ಕಳದೇ ರಾಜ್ಯ ನೋಡ್ರಿ" ಎಂದು ಕಂಡಕ್ಟರ್ ನಗಾಡಿದ. ನಮಗೆ ನಗು ಬರಲಿಲ್ಲ. ಪಾಪ, ಅವನಿಗೇನು ಗೊತ್ತು.

ನಾವು ಹೊರಟಿದ್ದು ಕಣ್ಣಿನ ಆಸ್ಪತ್ರೆಗೆ. ಗುರಮ್ಮನ ಎಡಗಣ್ಣಿನ ಪಾಪೆ ಬೆಳಕು ಬಿದ್ದಾಗ ಬೆಳ್ಳಗೆ ಹೊಳೆಯುತ್ತಿತ್ತು. ಮಲ್ಲಣ್ಣನ ತಾಯಿಗೂ ಎಡಗಣ್ಣಿಗೇ ಹೂ ಬಿದ್ದು ಬೆಳ್ಳಗಾಗಿತ್ತು. ಆಕೆ ತೀರಿಕೊಂಡ ವರ್ಷವೇ ಈ ಕೂಸು ಹುಟ್ಟಿತು, ಆಕೆಯ ಹೆಸರನ್ನೇ ಇಟ್ಟರು. ಹಿರಿಯರ ಹೆಸರಿಟ್ಟ ಮಗುವನ್ನು ಹೆಸರು ಹಿಡಿದು ಕರೆಯಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಮಲ್ಲಣ್ಣ ಮಗಳನ್ನು "ಅವ್ವ" ಎಂದೇ ಕರೆಯುತ್ತಾನೆ. ಹೋದ ವರ್ಷ ಒಂದು ಸಂಜೆ ಕಣ್ಣು ಹೊಳೆದದ್ದು ಕಂಡು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಮ್ಮವ್ವ ಗುರ್ತು ತಗೊಂಡೇ ತಿರುಗಿ ಬಂದಾಳ" ಎಂದು ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿದ. ಬಂದ ಮುದುಕಿಯರು ಕೂಸಿನ ಕಾಲಿಗೆ ಕೈ ಮುಟ್ಟಿಸಿ ಹೋದರು. ಡಾಕ್ಟರಿಗೆ ತೋರಿಸೋಣ ಅಂದವರು ಒಬ್ಬರೂ ಇಲ್ಲ. ಆಮೇಲೆ ಕಣ್ಣು ಮೆಳ್ಳೆಯಾಯಿತು, ಕೆಂಪಾಗಿ ಉಬ್ಬಿತು, ಕೂಸು ನೋವಿಗೆ ಅಳತೊಡಗಿತು. ಆಗ ನಾನೇ ಬಾಯಿ ಮಾಡಿ ಹೊರಡಿಸಿದೆ.

ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದೆವು. ಆಟೋದ ಚಾಚಾ ಕನ್ನಡಿಯಲ್ಲಿ ಕೂಸನ್ನು ನೋಡಿ, "ಬಚ್ಚಿಗಿ ಏನಾಗ್ಯಾದ ಭಾಯಿ?" ಎಂದ. "ಕಣ್ಣು ಬ್ಯಾನಿ" ಎಂದೆ. ಅವನು ಗುಂಡಿಗಳನ್ನು ತಪ್ಪಿಸುತ್ತ ಮೆಲ್ಲಗೆ ಓಡಿಸಿದ.

ಜಾವಳದ ಹುಟ್ಟುಗೂದಲು ತೆಗೆಸುವಾಗ, ಕಿವಿ ಚುಚ್ಚಿಸುವಾಗ ಕೂಸು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಎರಡೂ ಸಲ ಇವಳು ನನ್ನ ತೊಡೆಯ ಮೇಲಿದ್ದಳು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕುವಾಗಲೂ ಶಾಂತಾ ಅವಳನ್ನು ತಂದು ನನ್ನ ತೊಡೆಗೇ ಕೊಟ್ಟಳು. ಕೈಕಾಲು ಅದುಮಿ ಹಿಡಿದೆ. "ಮಾಮಾ ಬ್ಯಾಡ, ಮಾಮಾ ಬ್ಯಾಡ" ಎಂದು ಒದ್ದಾಡಿದಳು.

ಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿಸಿ ಡಾಕ್ಟರಮ್ಮ ನಮ್ಮನ್ನು ಕೂರಿಸಿದರು.

"ಕಣ್ಣಿನ ಹಿಂದಿನ ಪರದೆಯೊಳಗ ಗಡ್ಡಿ ಬೆಳದದ. ಕ್ಯಾನ್ಸರ್ ಇದು. ಕಣ್ಣೆಲ್ಲ ತುಂಬ್ಯಾದ, ಅದಕ್ಕೇ ಒತ್ತಡ, ನೋವು. ನರ ಹಿಡದು ಮೆದುಳಿಗಿ ಹೋಯ್ತಂದ್ರ ಜೀವ ಉಳಿಸೋದು ಕಷ್ಟ. ಹೈದ್ರಾಬಾದಿಗಿ ಬರದು ಕೊಡ್ತೀನಿ. ತಡ ಮಾಡದೆ ಕಣ್ಣು ತೆಗಸ್ರಿ."

"ತೆಗದ್ರ ಉಳಿತಾಳೇನ್ರಿ?" ಎಂದೆ.

"ಗಡ್ಡಿ ಕಣ್ಣಿನೊಳಗೇ ಇದ್ರ ಆಸೆ ಭಾಳ ಅದ. ತೆಗದ ಕಣ್ಣು ಪರೀಕ್ಷಾ ಮಾಡ್ತಾರ. ಹೊರಗ ದಾಟಿದ್ರ ಕಿಮೋ ಕೊಡ್ತಾರ. ಇನ್ನೊಂದು ಕಣ್ಣೂ ಆಗಾಗ ತೋರಸ್ತಿರಬೇಕು. ಸದ್ಯ ಅದು ಛಲೋ ಅದ."

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡೇ ಕೇಳಿದಳು: "ಹೊಳೆಯೋದು ಕಂಡಾಗೇ ಬಂದಿದ್ರ ಕಣ್ಣೂ ಉಳಿತಿತ್ತೇನ್ರಿ?"

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಉಳಿಬಹುದಿತ್ತವ್ವ" ಎಂದರು.

ಜಗತ್ ಸರ್ಕಲ್ ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಬಂತು. ಮಲ್ಲಣ್ಣ ಕೈ ಹಚ್ಚಲಿಲ್ಲ.

"ಆ ಕಣ್ಣಿಲೆ ನನ್ನ ನೋಡ್ತಾಳ ಭಾವಾ. ಕಾಣೋ ಕಣ್ಣು ಹೆಂಗ ಕೀಳಸ್ಲಿ? ಅವ್ವಗ ಒಮ್ಮಿ ಮಣ್ಣು ಕೊಟ್ಟೀನಿ. ಮತ್ತೊಮ್ಮಿ ನನ್ನ ಕೈಲೆ ಆಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮವ್ವ ಬಾಳಿ ಬದುಕಿ ಹೋದ್ಳೋ ಮಾರಾಯಾ. ಇದು ಇನ್ನ ಬಾಳಬೇಕಾದ ಕೂಸು" ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ. ನಾನೂ ಮುರಿದ ರೊಟ್ಟಿ ಬದಿಗಿಟ್ಟೆ. ಕೂಸು ಮಾತ್ರ ಅರ್ಧ ರೊಟ್ಟಿ ತಿಂದು ನೀರು ಕುಡಿಯಿತು.

ಸಂಜೆ ನಾಲ್ಕರ ಬಸ್ಸಿಗೆ ಹತ್ತಿದೆವು. ಜನ ಕಡಿಮೆ, ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಊರು ದಾಟಿ ತೊಗರಿ ಹೊಲಗಳು ಶುರುವಾದಾಗ ಮಲ್ಲಣ್ಣ ಮಗಳನ್ನು ತನ್ನ ತೊಡೆಗೆ ತೆಗೆದುಕೊಂಡ. ಮುಖ ತನ್ನ ಕಡೆ ತಿರುಗಿಸಿ, ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ. ಪಡುವಣ ಬಿಸಿಲು ನೇರ ಅವಳ ಮುಖದ ಮೇಲೇ ಬೀಳುತ್ತಿತ್ತು.

"ಅವ್ವಾ, ನಾ ಕಾಣಲಕತ್ತೀನೇನು?"

ಅವಳು ಕೈ ಚಾಚಿ ಗಾಳಿಯಲ್ಲಿ ತಡವಿದಳು.

"ಅಪ್ಪಾ, ಕರೆಂಟ್ ಹೋಯ್ತು" ಎಂದಳು.

ಶಾಂತಾ ಕಿಟಕಿಗೆ ಮುಖ ತಿರುಗಿಸಿದಳು. ಮಲ್ಲಣ್ಣ ಕೈ ತೆಗೆದ. ಗುರಮ್ಮ ಕಿಲಕಿಲ ನಕ್ಕು, "ಬಂತು, ಬಂತು" ಎಂದು ಚಪ್ಪಾಳೆ ತಟ್ಟಿದಳು. ಅವಳಿಗೆ ಅದು ಆಟ. ಅಪ್ಪನ ಕೈ ಹಿಡಿದು ಮತ್ತೆ ತನ್ನ ಕಣ್ಣಿಗೆ ಎಳೆದುಕೊಂಡಳು: "ಇನ್ನೊಮ್ಮಿ ಅಪ್ಪಾ."

ಅವನು ಕೈ ಬಿಡಿಸಿಕೊಂಡು ಹೆಗಲ ಮೇಲಿನ ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡ. ಬಹಳ ಹೊತ್ತಾದ ಮೇಲೆ, ನನ್ನ ಮುಖ ನೋಡದೆ ಕೇಳಿದ:

"ಭಾವಾ, ನಾಳಿ ಮುಂಜಾನಿ ಹೈದ್ರಾಬಾದ್ ಬಸ್ಸು ನಮ್ಮೂರಿಗಿ ಎಷ್ಟಕ್ಕ ಬರ್ತದ?"