ಹಿಟ್ಟಿನ ಡಬ್ಬಿಯೊಳಗಿನ ಫೋನು

ಜೋಳದ ಹಿಟ್ಟಿಗೆ ಕುದಿನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಆ ವಾಸನೆಗೆ ನನಗೆ ಹೊಸಹಳ್ಳಿಯ ಶಿವಲೀಲಾಳ ಅಡಿಗೆಮನೆ ನೆನಪಾಯಿತು.

ಮನೆಮನೆಗೆ ಹೋಗಿ ಸಾಬೂನು, ತಲೆಗೆ ಹಚ್ಚುವ ಎಣ್ಣೆ ಮಾರುವ ನೆಟ್‌ವರ್ಕ್ ಕಂಪನಿಯೊಂದಕ್ಕೆ ನಾನು ಸೇರಿ, ನನ್ನ ಟೀಮಿಗೆ ಅವಳನ್ನು ಸೇರಿಸಿದ್ದೆ. ಟೀಮಿನವರ ಕೈ ಬಿಡಬೇಡಿ ಎಂದು ಮೀಟಿಂಗಿನಲ್ಲಿ ಹೇಳಿದ್ದರು. ಕಾನ್ವೆಂಟಿನಲ್ಲಿ ಕಲಿತವಳು ನಾನು. ಹೇಳಿದ್ದಕ್ಕಿಂತ ಒಂದು ಗೆರೆ ಹೆಚ್ಚೇ ಬರೆಯುವ ಅಭ್ಯಾಸ. ಎದ್ದೊಡನೆ ಅವಳಿಗೆ ಹೂವಿನ ಚಿತ್ರದ ಶುಭೋದಯ, ನಾಷ್ಟಾದ ಹೊತ್ತಿಗೆ ವಿಡಿಯೋ, ಮಧ್ಯಾಹ್ನ ಫೋನು. ಅವಳು ಸಾಬೂನು ತೋರಿಸಲು ಹೊರಟರೆ ಜೊತೆಗೆ ನಾನೂ ಹೋಗಿ, ಅವಳು ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿ ಮುಗಿಸುತ್ತಿದ್ದೆ.

ಒಮ್ಮೆ ಕೊಟ್ಟೂರಿನಿಂದ ಬಸ್ಸು ಹತ್ತಿ, ಹೇಳದೆ ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಅವಳಿಲ್ಲ. ಫೋನು ಹಚ್ಚಿದರೆ, ಹಿಟ್ಟಿನ ಡಬ್ಬಿಯೊಳಗಿಂದ ಗುಂಯ್ ಎಂದು ಸದ್ದು! ಹಿತ್ತಲಿಂದ ಬಂದ ಶಿವಲೀಲಾ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ಒಳ್ಳೇದಕ್ಕ ಹೇಳ್ತೀರಿ. ಆದ್ರ ಅದು ಗುಂಯ್ ಅಂದ್ರ ಸಾಕು, ಎದಿ ಧಸಕ್ ಅಂತೈತಿ. ಮಂದಿ ನನ್ನ ನೋಡಿ, ‘ನಿಮ್ಮ ಮೇಡಂ ಬರ್ಲಿಲ್ಲೇನು?’ ಅಂತಾರ. ಹಿಂಗಾದ್ರ ಈ ಕೆಲ್ಸಾನ ಬಿಟ್ಟಬಿಡ್ತೀನ್ರಿ. ಬಿಡಾಕೂ ಮನಸಿಲ್ಲ, ಮತ್ತ.”

ವಾಪಸು ಬರುವಾಗ ಬಸ್ಸಿನಲ್ಲಿ ಯಾಕೋ ಅತ್ತೆ ನೆನಪಾದರು. ಹೊಸ ಸೊಸೆಯಾಗಿ ನಾನು ಬಡಿದ ರೊಟ್ಟಿಗಳು ಭೂಗೋಳದ ಪಾಠದ ನಕಾಶೆಗಳು ಎದ್ದು ಬಂದಂತಿರುತ್ತಿದ್ದವು. ಅತ್ತೆ ಒಂದು ರೊಟ್ಟಿ ಬಡಿದು ತೋರಿಸಿ, ಶೇಂಗಾದ ಮೊರ ಹಿಡಿದು, ನನಗೆ ಬೆನ್ನು ಹಾಕಿ ಕೂತಿದ್ದರು. “ನೀ ಬಡಿ. ಕರದ್ರ ತಿರುಗ್ತೀನಿ. ನಾ ನೋಡ್ಕೊಂತ ಕುಂತ್ರ ನಿನ್ನ ಕೈ ನಡುಗ್ತಾವ.” ರೊಟ್ಟಿ ಹರಿದು ನಾನು ನಿಟ್ಟುಸಿರಿಟ್ಟರೂ ಅವರು ತಿರುಗಲಿಲ್ಲ. ಎದ್ದೂ ಹೋಗಲಿಲ್ಲ.

ಮರುದಿನವೇ ಶಿವಲೀಲಾಗೆ ಹೇಳಿದೆ: “ಇನ್ನ ನಾ ಫೋನು ಹಚ್ಚಂಗಿಲ್ಲ. ನೀ ಯಾವಾಗರ ಹಚ್ಚು, ಎತ್ತತೀನಿ.”

“ಹೂವಿನ ಚಿತ್ರಾನೂ ಇಲ್ಲೇನ್ರಿ?”

“ಅದೂ ಇಲ್ಲ.”

“ನಿಮ್ಮ ಕೈಲಿ ಆಗ್ತೈತೇನ್ರಿ ಅಕ್ಕಾರ?” ಎಂದು ನಕ್ಕಳು.

ಇವತ್ತು ಅವಳು ಮೊದಲ ಸಲ ಒಬ್ಬಳೇ ಹಗರಿಬೊಮ್ಮನಹಳ್ಳಿಯ ಒಂದು ಮನೆಗೆ ಸಾಬೂನು ತೋರಿಸಲು ಹೋಗಿದ್ದಾಳೆ. ಓಣಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರಂತೆ. ಬಸ್ಸು ಸಿಕ್ಕಿತೋ, ಶಾಂಪೂ ಮರೆತಳೋ ಎಂದು ನನ್ನ ಬೆರಳುಗಳು ಚಡಪಡಿಸುತ್ತಿದ್ದವು. ಫೋನನ್ನು ನಮ್ಮ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ. ರೊಟ್ಟಿ ಬಡಿಯಲು ಕೂತೆ.

ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿಗೆ ಡಬ್ಬಿ ಗುಂಯ್ ಎಂದಿತು.

“ಅಕ್ಕಾರ, ಈ ಸಾಬೂನು ಹಚ್ಚಿದ್ರ ಬೆಳ್ಳಗ ಆಗ್ತೀವೇನು ಅಂತ ಕೇಳಾಕತ್ಯಾರ. ಏನನ್ಲಿ?”

“ಇಲ್ಲ ಅನ್ನು. ಮೈ ಸ್ವಚ್ಛ ಆಗ್ತೈತಿ, ಅಷ್ಟ.”

“ಹೂನ್ರಿ. ಮತ್ತೇನರ ಹೇಳೂದೈತೇನ್ರಿ?”

ಶಾಂಪೂವಿನಿಂದ ಹಿಡಿದು ವಾಪಸಿನ ಬಸ್ಸಿನವರೆಗೆ ಎಲ್ಲ ಮಾತುಗಳೂ ನಾಲಗೆಯ ತುದಿಯಲ್ಲಿ ಸಾಲುಗಟ್ಟಿದ್ದವು.

“ಇಲ್ಲ,” ಎಂದೆ.

ಫೋನನ್ನು ಮತ್ತೆ ಡಬ್ಬಿಯಲ್ಲಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತೆ. ಮುಚ್ಚಳವನ್ನು ಮಾತ್ರ ಈ ಸಲ ಬಿಗಿಯಲಿಲ್ಲ.